ಇಲವಾಲದ ಸಿದ್ದಲಿಂಗೇಗೌಡನೂ ಹ್ಯೂಸ್ಟನ್ನಿನ ಜಾನ್ ಸ್ಮಿತ್ತನೂ

ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದು ಹೂಟಗಳ್ಳಿ ದಾಟಿದರೆ ಇಲವಾಲ. ಕನ್ನಡದಲ್ಲಿ ಕೆಲವರು ಇಲವಾಲ ಎಂದು ಬರೆಯುತ್ತಾರೆ, ಕೆಲವರು ಯಲವಾಲ ಎನ್ನುತ್ತಾರೆ. ಇಂಗ್ಲಿಷಿನಲ್ಲಂತೂ ಕೇಳಲೇಬೇಡಿ, ಬರೆದವನಿಗೊಂದು ಸ್ಪೆಲಿಂಗ್! ಬಸ್ ಕಂಡಕ್ಟರಿಗೆ ಇದರಿಂದ ತೊಂದರೆಯಿಲ್ಲ. ಹೇಗೆ ಕೇಳಿದರೂ ಒಂದೇ ಟಿಕೆಟ್ ಹರಿದು ಕೊಡುತ್ತಾನೆ. ಆದರೆ ಕಂಪ್ಯೂಟರಿಗೆ ಒಂದೊಂದು ಸ್ಪೆಲಿಂಗೂ ಒಂದೊಂದು ಬೇರೆ ಊರು!

ಈ ಗೋಜಲು ಬಿಡಿಸುವ ವಿದ್ಯೆಗೇ ರಿಲೇಷನಲ್ ಡೇಟಾಬೇಸ್ ಎಂದು ಹೆಸರು. 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಹಾಕಿಕೊಟ್ಟ ದಾರಿ ಇದು. ತಿರುಳು ಇಷ್ಟೇ: ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡಬೇಕು. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು. ಊರುಗಳಿಗೊಂದು ಕೋಷ್ಟಕ, ಅದರಲ್ಲಿ ಇಲವಾಲಕ್ಕೆ ಒಂದು ಸಾಲು, ಒಂದು ಸಂಖ್ಯೆ. ಆ ಸಂಖ್ಯೆಯೇ ಪ್ರೈಮರಿ ಕೀ. ಜಮೀನಿನ ಕೋಷ್ಟಕದಲ್ಲಿ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣದ ಪಕ್ಕದಲ್ಲಿ ಊರಿನ ಹೆಸರಿನ ಬದಲು ಆ ಸಂಖ್ಯೆ ಕೂತರೆ ಅದು ಫಾರಿನ್ ಕೀ. ಊರಿನ ಹೆಸರು ತಪ್ಪಾಗಿದೆಯೇ? ಒಂದು ಕಡೆ ತಿದ್ದಿ, ಎಲ್ಲ ಕಡೆಯೂ ಸರಿಯಾಗುತ್ತದೆ. ಹೀಗೆ ಒಡೆದು ಜೋಡಿಸುವುದೇ ನಾರ್ಮಲೈಸೇಷನ್. ಪಹಣಿ ಕಂಡ ರೈತನ ಮಗಳಿಗೆ ಕನ್ನಡದಲ್ಲಿ ಹೇಳಿದರೆ ಇದು ಅರ್ಧ ಗಂಟೆಯ ಪಾಠ.

ಆದರೆ ನಮ್ಮ ಕಾಲೇಜುಗಳಲ್ಲಿ ಆಗುತ್ತಿರುವುದೇನು? ಈ ವಿಷಯಕ್ಕೆ ದೇಶದ ತುಂಬ ಬಳಕೆಯಲ್ಲಿರುವ ಪುಸ್ತಕ ಎಲ್ಮಾಸ್ರಿ ಮತ್ತು ನವಾತೆ ಅವರದು. ಪುಸ್ತಕ ಒಳ್ಳೆಯದೇ, ತಕರಾರಿಲ್ಲ. ಅದರ ಉದಾಹರಣೆಯಲ್ಲಿ ಬರುವ ನೌಕರ ಹ್ಯೂಸ್ಟನ್ನಿನ ಜಾನ್ ಸ್ಮಿತ್. ಅವನಿಗೆ ಮೊದಲ ಹೆಸರುಂಟು, ಕೊನೆಯ ಹೆಸರುಂಟು. ಎರಡನ್ನೂ ಖಾಲಿ ಬಿಡುವಂತಿಲ್ಲ ಎಂದು ಕೋಷ್ಟಕದಲ್ಲೇ ಕಟ್ಟಳೆ ಹಾಕಿದೆ. ಅಮೆರಿಕಕ್ಕೆ ಅದು ಸರಿ. ನಮ್ಮ ಇಲವಾಲದ ಸಿದ್ದಲಿಂಗೇಗೌಡನಿಗೆ ಕೊನೆಯ ಹೆಸರನ್ನು ಎಲ್ಲಿಂದ ತರೋಣ? ಅವನಿಗಿರುವುದು ಊರಿನದೊಂದು, ಅಪ್ಪನದೊಂದು ಇನಿಷಿಯಲ್! ಜಾನ್ ಸ್ಮಿತ್ತನನ್ನು ಉರುಹೊಡೆದು ಪಾಸಾದ ಹುಡುಗ ನಾಳೆ ನಮ್ಮ ಅರ್ಜಿ ಫಾರಂ ಮಾಡಲು ಕೂರುತ್ತಾನೆ. ಅಲ್ಲಿ ಗೌಡ ತನ್ನ ಹೆಸರನ್ನೇ ಎರಡು ತುಂಡು ಮಾಡಿಕೊಳ್ಳಬೇಕು. ಇದಕ್ಕಿಂತ ನಾಚಿಕೆಗೇಡು ಬೇರೆ ಉಂಟೇ?

ಇಷ್ಟಕ್ಕೇ ಮುಗಿಯಲಿಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಒತ್ತಕ್ಷರ, ಗುಣಿತ ಎಲ್ಲ ಬಿಡಿಸಿ ಎಣಿಸಿದರೆ 'ಸಿದ್ದಲಿಂಗೇಗೌಡ' 13 ಸಂಕೇತ, ಅಂದರೆ 39 ಬೈಟ್. ಅಂಕಣಕ್ಕೆ 20 ಬೈಟ್ ಸಾಕೆಂದುಕೊಂಡವನ ಕೋಷ್ಟಕದಲ್ಲಿ ಗೌಡನಿಗೆ ಜಾಗವೇ ಇಲ್ಲ. ಕನ್ನಡ ಲಿಪಿಗೆ ತಕ್ಕ ಅಂಕಣ ಆರಿಸದಿದ್ದರೆ ಹೆಸರಿನ ಬದಲು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ! ಅಕಾರಾದಿಯ ಕಥೆಯೂ ಅಷ್ಟೇ. ನಮ್ಮ ವರ್ಣಮಾಲೆಯಲ್ಲಿ 'ಳ' ಕೊನೆಯದು. ಯೂನಿಕೋಡ್ ಪಟ್ಟಿಯಲ್ಲಿ ಅದು 'ವ'ಕ್ಕಿಂತ ಮೊದಲೇ ಬರುತ್ತದೆ. ಬರೀ ಆ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಕಾವೇರಮ್ಮನಿಗಿಂತ ಮೊದಲು ಕಾಳಮ್ಮ ಬಂದು ನಿಲ್ಲುತ್ತಾಳೆ. ಇದಕ್ಕೆಲ್ಲ ಪರಿಹಾರವಿದೆ, ಕಷ್ಟವೂ ಅಲ್ಲ. ಆದರೆ ಕನ್ನಡದ ಹೆಸರನ್ನು ಒಮ್ಮೆಯೂ ಕೋಷ್ಟಕಕ್ಕೆ ಹಾಕಿ ನೋಡದವನಿಗೆ ತೊಂದರೆ ಇದೆಯೆಂದೇ ಗೊತ್ತಾಗುವುದಿಲ್ಲ.

"ಕಂಪ್ಯೂಟರಿಗೆ ಕನ್ನಡ ಆಗಿಬರುವುದಿಲ್ಲ" ಎನ್ನುವ ಮಹನೀಯರು ಈಗಲೂ ಇದ್ದಾರೆ. ಅವರಿಗೆ 'ಭೂಮಿ' ಯೋಜನೆಯನ್ನು ತೋರಿಸಿ. 2000ದ ಆಸುಪಾಸಿನಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಡೇಟಾಬೇಸ್ ಸೇರಿದವು. ಯಾವ ಭಾಷೆಯಲ್ಲಿ? ಕನ್ನಡದಲ್ಲಿ! ಬೇರೆ ರಾಜ್ಯದವರು ಬಂದು ನೋಡಿ ಕಲಿತು ಹೋದರು. ನಮ್ಮ ರೈತನಿಗೆ ಕನ್ನಡದಲ್ಲಿ ದಕ್ಕಿದ ಡೇಟಾಬೇಸ್, ಅವನ ಮಗನಿಗೆ ಕಾಲೇಜಿನಲ್ಲಿ ಕನ್ನಡದಲ್ಲಿ ಯಾಕೆ ದಕ್ಕಬಾರದು?

ಜಮೀನಿನ ಮಾತು ಇಲವಾಲಕ್ಕೆ ಹೊಸದೂ ಅಲ್ಲ. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆ, ನೆಹರೂ ಇದೇ ಊರಿನಲ್ಲಿ ಕೂತು ಗ್ರಾಮದಾನದ ಚರ್ಚೆ ನಡೆಸಿದರು. ಆ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿ ಕುವೆಂಪು. ವಿಜ್ಞಾನ ಕನ್ನಡದಲ್ಲೇ ಬರಬೇಕೆಂದು ಪಟ್ಟು ಹಿಡಿದವರು ಅವರು. ಅವರು ಇಟ್ಟ ಹೆಜ್ಜೆಯನ್ನು ಮುಂದುವರಿಸಲು ನಮಗೇನು ರೋಗ?

"ಕನ್ನಡದಲ್ಲಿ ಓದಿದರೆ ನೌಕರಿ ಯಾರು ಕೊಡುತ್ತಾರೆ?" ಎಂದು ತಂದೆತಾಯಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಂಗ್ಲಿಷ್ ಬಿಡಿ ಎಂದು ನಾವು ಹೇಳುತ್ತಿಲ್ಲ. ಸೆಲೆಕ್ಟ್, ಜಾಯಿನ್ ಎಂಬ ಆದೇಶಗಳು ಹಾಗೆಯೇ ಇರಲಿ. ಕೀ ಎಂದರೆ ಕೀ ಎಂದೇ ಕರೆಯಿರಿ. ಆದರೆ ತಲೆಗೆ ಹೋಗಬೇಕಾದ ವಿಚಾರ ತಾಯ್ನುಡಿಯಲ್ಲಿ ಹೋಗಲಿ. ಅರ್ಥವಾದದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಆರು ತಿಂಗಳು ಸಾಕು. ಅರ್ಥವಾಗದ್ದನ್ನು ಯಾವ ಭಾಷೆಯಲ್ಲಿ ಹೇಳಿದರೂ ಇಂಟರ್‌ವ್ಯೂನಲ್ಲಿ ಸಿಕ್ಕಿಬೀಳುತ್ತೀರಿ. ಇಂಜಿನಿಯರಿಂಗ್ ಪಾಠ ಭಾರತೀಯ ಭಾಷೆಗಳಲ್ಲಿ ನಡೆಯಬಹುದೆಂದು ಎಐಸಿಟಿಇ 2021ರಲ್ಲೇ ಬಾಗಿಲು ತೆರೆದಿದೆ. ಒಳಗೆ ಹೋಗುವ ಕಾಲು ನಮ್ಮದಾಗಬೇಕು.

ನಮ್ಮ ಒತ್ತಾಯ ಮೂರೇ. ಡೇಟಾಬೇಸಿನ ಮೊದಲ ಪಾಠಕ್ಕೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಮೈಸೂರು ವಿಶ್ವವಿದ್ಯಾನಿಲಯವೂ ಸೇರಿ ಒಂದು ಒಳ್ಳೆಯ ಕನ್ನಡ ಪುಸ್ತಕ ತರಲಿ. ಪ್ರಯೋಗಶಾಲೆಯಲ್ಲಿ ಒಂದಾದರೂ ಕೋಷ್ಟಕ ಕನ್ನಡ ಲಿಪಿಯಲ್ಲಿ ಕಡ್ಡಾಯವಾಗಲಿ. ಉದಾಹರಣೆಗಳು ನಮ್ಮ ಊರು, ಪಹಣಿ, ಹಾಲಿನ ಡೇರಿಯಿಂದ ಬರಲಿ.

ಕನ್ನಡದ ತರುಣ ತರುಣಿಯರೇ, ನಾಮಫಲಕದ ಮೇಲೆ ಕನ್ನಡ ಬರಲೆಂದು ಬೀದಿಗಿಳಿದವರು ನಾವು. ಫಲಕದ ಹಿಂದಿನ ಕಂಪ್ಯೂಟರಿನಲ್ಲಿ ಕನ್ನಡ ಉಂಟೇ ಎಂದು ಒಳಗೆ ಹೋಗಿ ನೋಡಿದ್ದೇವೆಯೇ? ಘೋಷಣೆ ಕೂಗಿದರೆ ಅಲ್ಲಿ ಕನ್ನಡ ಬರುವುದಿಲ್ಲ, ವಿದ್ಯೆ ಕಲಿತರೆ ಬರುತ್ತದೆ. ಇವತ್ತೇ ರಾತ್ರಿ ಕೂತು ಒಂದು ಕೋಷ್ಟಕ ಮಾಡಿ. ಮೊದಲ ಸಾಲಿನಲ್ಲಿ ನಿಮ್ಮ ಊರಿನ ಹೆಸರು ಬರೆಯಿರಿ. ಕನ್ನಡದಲ್ಲಿ, ಸರಿಯಾಗಿ, ಒಂದೇ ಸಲ.