ಮೊದಲು ಅಳತೆ, ಆಮೇಲೆ ಬೆಲೆ

ಕುಂತೂರಿನ ಒಂದು ಮನೆಯ ಜಗಲಿಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಕಂಬಕ್ಕೆ ಒರಗಿ ನಿಂತಿರುವುದು ತಂದೆಯ ಕಪ್ಪು ಬೈಸಿಕಲ್ಲು. ಕಬ್ಬಿನ ಗದ್ದೆಗೂ ಕೊಳ್ಳೇಗಾಲದ ಪೇಟೆಗೂ ತಿರುಗಿ ಅದರ ಬಣ್ಣ ಮಾಸಿದೆಯೇ ಹೊರತು ಬಲ ಕುಂದಿಲ್ಲ. ಪಕ್ಕದಲ್ಲಿ ಕುಳಿತ ಮಗಳ ಕೈಯಲ್ಲಿ ಮೊಬೈಲು. ಅದರಲ್ಲಿ ಬಾಗಿದ ಹಿಡಿಯ, ತೆಳುಗಾಲಿಯ ಹೊಸ ರೋಡ್ ಬೈಸಿಕಲ್ಲಿನ ಚಿತ್ರ. ಶಾಲೆಯಲ್ಲಿ ಪಾಠ ಹೇಳಿ ಆಕೆ ವರ್ಷವಿಡೀ ಕೂಡಿಟ್ಟ ಹಣ 30,000 ರೂಪಾಯಿ.

"ಈ ರಾತ್ರಿಯೊಳಗೆ ಕೊಂಡರೆ ನಾಲ್ಕು ಸಾವಿರ ಕಡಿಮೆಯಂತೆ, ಅಪ್ಪ."

"ಮನೆಯಲ್ಲಿರುವ ಗಾಡಿಗೆ ಏನು ಬಂದಿದೆ ಕಣವ್ವ?"

ಇಂಥ ಸಂಭಾಷಣೆ ಇಂದು ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ. ತಂದೆಯ ಪ್ರಶ್ನೆ ಜಿಪುಣತನದ್ದಲ್ಲ. ಮಗಳ ಆಸೆ ಬರಿಯ ಷೋಕಿಯದೂ ಅಲ್ಲ. ಎರಡಕ್ಕೂ ಸಮಾಧಾನ ಹೇಳುವುದು ನ್ಯಾಯ.

ಆಕೆ ಅಭ್ಯಾಸ ಮಾಡಬೇಕೆಂದಿರುವುದು ಟ್ರಯಥ್ಲಾನ್ ಸ್ಪರ್ಧೆಗೆ. ಈಜು, ಬೈಸಿಕಲ್ ಸವಾರಿ, ಓಟ, ಈ ಮೂರನ್ನೂ ಒಂದರ ಬೆನ್ನಿಗೊಂದರಂತೆ ಪೂರೈಸಬೇಕು. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಆರಂಭವಾದ ಈ ಆಟಕ್ಕೆ 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಸ್ಥಾನ ದೊರೆಯಿತು. ಹೊಸಬರಿಗೆ ತಕ್ಕ ಸಣ್ಣ ಸ್ಪರ್ಧೆಯಲ್ಲಿ 750 ಮೀಟರ್ ಈಜು, 20 ಕಿಲೋಮೀಟರ್ ಸವಾರಿ, 5 ಕಿಲೋಮೀಟರ್ ಓಟ. ಐರನ್‌ಮ್ಯಾನ್ ಎಂಬ ಮಹಾಸ್ಪರ್ಧೆಯಲ್ಲಿ ಈಜು 3.8, ಸವಾರಿ 180, ಓಟ 42.2 ಕಿಲೋಮೀಟರ್. ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರ್ ಅವರು 2022ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಅದನ್ನು ಪೂರೈಸಿದರು. ಉದ್ಯೋಗದಲ್ಲಿರುವವರಿಗೂ ಇದು ಎಟುಕದ ಹಣ್ಣಲ್ಲ. ಸಣ್ಣದಿರಲಿ, ದೊಡ್ಡದಿರಲಿ, ಸ್ಪರ್ಧೆಯ ಬಹುಭಾಗ ಕಳೆಯುವುದು ಬೈಸಿಕಲ್ಲಿನ ಮೇಲೆಯೇ.

ಬೈಸಿಕಲ್ ಪಂದ್ಯ ಕನ್ನಡನಾಡಿಗೆ ಅಪರಿಚಿತವೂ ಅಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಯ ಮಕ್ಕಳು ಈ ಪಂದ್ಯಗಳಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಕಬ್ಬು ಬೆಳೆಯುವ ಆ ಸೀಮೆಯ ಮಕ್ಕಳಿಗೆ ಒಲಿದ ವಿದ್ಯೆ ಕಬ್ಬು ಬೆಳೆಯುವ ಕುಂತೂರಿನ ಮಕ್ಕಳಿಗೆ ಒಲಿಯಬಾರದೆಂದೇನೂ ಇಲ್ಲ.

ಇನ್ನು ತಂದೆಯ ಪ್ರಶ್ನೆ. ಹಳೆಯ ಕಪ್ಪು ಬೈಸಿಕಲ್ಲು ಸುಮಾರು 20 ಕಿಲೋಗ್ರಾಂ ತೂಗುತ್ತದೆ. ಅಲ್ಯುಮಿನಿಯಂ ಚೌಕಟ್ಟಿನ ಸಾಧಾರಣ ರೋಡ್ ಬೈಸಿಕಲ್ಲು ಅದರ ಅರ್ಧದಷ್ಟಿದ್ದೀತು. ಹಳೆಯದರಲ್ಲಿ ನೆಟ್ಟಗೆ ಕುಳಿತ ಸವಾರನ ಎದೆಗೆ ಗಾಳಿ ಬಡಿಯುತ್ತದೆ. ಹೊಸದರಲ್ಲಿ ಮೈ ಬಾಗುವುದರಿಂದ ಗಾಳಿಯ ತಡೆ ಕಡಿಮೆ. ಹನೂರಿನಾಚೆ ಮಹದೇಶ್ವರ ಬೆಟ್ಟದ ಏರಿನಲ್ಲಿ ಗೇರುಗಳ ಬೆಲೆ ತಾನಾಗಿಯೇ ತಿಳಿಯುತ್ತದೆ. ಆದುದರಿಂದ ಹೊಸ ಗಾಡಿಗೆ ಕಾರಣವುಂಟು. ಆದರೆ ಮೈ ಬಾಗಿಸಿ ಗಂಟೆಗಟ್ಟಲೆ ತುಳಿಯುವ ಗಾಡಿಯ ಅಳತೆ ತಪ್ಪಿದರೆ ಅದರ ದಂಡವನ್ನು ತೆರುವುದು ಸೊಂಟ, ಕತ್ತು, ಮೊಣಕಾಲು. ಅಂಗಡಿಯಲ್ಲಾದರೆ ಹತ್ತಿ ಕುಳಿತು ನೋಡಬಹುದು. ಆನ್‌ಲೈನಿನಲ್ಲಿ ಚಿತ್ರದ ಮೇಲೆ ಕುಳಿತುಕೊಳ್ಳುವಂತಿಲ್ಲ.

ಇದಕ್ಕೆ ಉಪಾಯ ದರ್ಜಿಯ ಟೇಪು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಬಿಗಿಯಾಗಿ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. ಆ ಸೆಂಟಿಮೀಟರುಗಳನ್ನು 0.67ರಿಂದ ಗುಣಿಸಿದರೆ ಚೌಕಟ್ಟಿನ ಅಂದಾಜು ಅಳತೆ ದೊರೆಯುತ್ತದೆ. 72 ಸೆಂಟಿಮೀಟರ್ ಬಂದರೆ 48ರ ಆಸುಪಾಸಿನ ಚೌಕಟ್ಟು. ಇದು ಕೇವಲ ಅಂದಾಜು. ತಯಾರಕರು ಕೊಟ್ಟ ಎತ್ತರದ ಪಟ್ಟಿಯೊಡನೆ ತಾಳೆ ನೋಡುವುದು ಅವಶ್ಯ. ಮೈಸೂರಿಗೆ ಹೋದಾಗ ಅಂಗಡಿಯಲ್ಲಿ ಅದೇ ಅಳತೆಯ ಗಾಡಿಯನ್ನು ಒಮ್ಮೆ ಹತ್ತಿ ನೋಡಿ ಬಂದರೆ ಮತ್ತೂ ಒಳ್ಳೆಯದು.

ಎರಡನೆಯ ಎಚ್ಚರಿಕೆ ಗಾಲಿಯ ವಿಷಯದಲ್ಲಿ. ತಂದೆಯ ಗಾಡಿಯ ಟೈರಿಗೂ 28 ಎನ್ನುತ್ತಾರೆ, ರೋಡ್ ಬೈಸಿಕಲ್ಲಿನ 700ಸಿ ಟೈರಿನ ಮೇಲೂ ಕೆಲವೊಮ್ಮೆ 28 ಎಂದೇ ಅಚ್ಚಾಗಿರುತ್ತದೆ. ಆದರೆ ಟೈರು ಕೂರುವ ರಿಮ್ಮಿನ ವ್ಯಾಸ ಹಳೆಯದರಲ್ಲಿ 635 ಮಿಲಿಮೀಟರ್, ಹೊಸದರಲ್ಲಿ 622. ಹೆಸರು ಒಂದೇ ಆದರೂ ಒಂದರ ಟೈರು ಇನ್ನೊಂದಕ್ಕೆ ಕೂರದು. ಟ್ಯೂಬಿನ ಬಾಯಿ ಪ್ರೆಸ್ಟಾ ಎಂಬ ಸಣ್ಣ ಜಾತಿಯದಾದರೆ ಊರಿನ ಪಂಕ್ಚರ್ ಅಂಗಡಿಯ ಪಂಪು ಅದಕ್ಕೆ ಹಿಡಿಯದೆ ಹೋಗಬಹುದು. ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಒಂದು ಜೇಬಿನಲ್ಲಿದ್ದರೆ ಆ ಕಷ್ಟ ತಪ್ಪುತ್ತದೆ. ಹೆಲ್ಮೆಟ್ಟು, ಪಂಪು, ಎರಡು ಟ್ಯೂಬು, ಮುಂದೆ ಹಿಂದೆ ದೀಪ, ಇವುಗಳ ಖರ್ಚನ್ನು ಮೊದಲೇ ತೆಗೆದಿರಿಸಿ, ಉಳಿದ ಹಣದಲ್ಲಿ ಗಾಡಿಯನ್ನು ಹುಡುಕುವುದು ಜಾಣತನ.

ಗಾಡಿ ರಟ್ಟಿನ ಪೆಟ್ಟಿಗೆಯಲ್ಲಿ ಅರೆಜೋಡಣೆಯಾಗಿ ಬರುತ್ತದೆ. ಹಿಡಿ, ಮುಂದಿನ ಗಾಲಿ, ಪೆಡಲುಗಳನ್ನು ಕೂಡಿಸುವ ಕೆಲಸ ಕೊಂಡವರದೇ. ಎಡಗಡೆಯ ಪೆಡಲಿನ ಮರೆ ತಿರುವುಮುರುವು. ಅದನ್ನು ಎಡಕ್ಕೆ ತಿರುಗಿಸಿಯೇ ಬಿಗಿಯಬೇಕು. ತಿಳಿಯದೆ ಬಲವಂತ ಮಾಡಿದರೆ ಅಲ್ಯುಮಿನಿಯಂ ಮರೆ ಸವೆದುಹೋಗುತ್ತದೆ. ಬ್ರೇಕು ಗೇರುಗಳನ್ನು ಬಲ್ಲ ಮೇಸ್ತ್ರಿಯಿಂದ ಹೊಂದಿಸಿಕೊಳ್ಳದೆ ರಸ್ತೆಗೆ ಇಳಿಯಕೂಡದು.

ಕೊಳ್ಳುವವರ ಹಕ್ಕುಗಳೂ ಗೊತ್ತಿರಬೇಕು. ವಸ್ತುವನ್ನು ಹಿಂತಿರುಗಿಸುವ, ಹಣ ಮರಳಿಸುವ ಷರತ್ತುಗಳನ್ನೂ ಖಾತರಿಯ ವಿವರವನ್ನೂ ಮುಂಚಿತವಾಗಿಯೇ ತಿಳಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ವಿಧಿಸಿವೆ. ಬೈಸಿಕಲ್ಲಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ರಸೀದಿಯಲ್ಲಿ ಅದನ್ನು ನೋಡಿಕೊಳ್ಳಬೇಕು. ಪೆಟ್ಟಿಗೆ ಬಿಚ್ಚುವಾಗ ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ವಾದಕ್ಕೆ ಆಧಾರವಾಗುತ್ತದೆ. ಮೋಸವಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕೊನೆಯ ಮಾತು ರಸ್ತೆಯದು. ಕಬ್ಬು ಕಡಿಯುವ ಕಾಲದಲ್ಲಿ ಕಾರ್ಖಾನೆಯತ್ತ ಹೋಗುವ ಹೇರಿನ ಲಾರಿ, ಟ್ರ್ಯಾಕ್ಟರುಗಳು ದಾರಿ ತುಂಬಿಕೊಂಡಿರುತ್ತವೆ. ಹೊರಚಾಚಿದ ಜಲ್ಲೆ ಸವಾರರ ಕಣ್ಣಿಗೆ ಬೀಳುವ ವೇಳೆಗೆ ತಡವಾಗಿರುತ್ತದೆ. ಬೆಳಕು ಹರಿದ ಮೇಲೆಯೇ ಹೊರಡುವುದು, ಹೇರಿನ ಗಾಡಿಯ ಬೆನ್ನಿಗೆ ಅಂಟಿಕೊಳ್ಳದಿರುವುದು ಕ್ಷೇಮ.

ಮತ್ತೆ ಆ ಜಗಲಿಗೆ ಬರೋಣ. ತಂದೆ ಒಳಗಿನಿಂದ ಟೇಪು ತಂದರು. ತಾಯಿ ಗೋಡೆಯ ಬಳಿ ನಿಂತ ಮಗಳನ್ನು ಅಳೆದರು. 72 ಸೆಂಟಿಮೀಟರ್ ಬಂತು. ರಿಯಾಯಿತಿಯಲ್ಲಿ ಉಳಿದಿದ್ದುದು 54ರ ಚೌಕಟ್ಟು ಮಾತ್ರ. ಮಗಳು ಮೊಬೈಲನ್ನು ಮಗುಚಿಟ್ಟು ನಿಟ್ಟುಸಿರುಬಿಟ್ಟಳು.

"ನಾಲ್ಕು ಸಾವಿರ ಹೋಯಿತಲ್ಲ, ಅಪ್ಪ."

"ಹೋಗಲಿ ಕಣವ್ವ, ಮೊಣಕಾಲು ಉಳಿಯಿತು."