ಶಿವಾಜಿ ಪಾರ್ಕಿನ ಮೇಷ್ಟ್ರು

ಮುಂಬಯಿಯ ಕ್ರಿಕೆಟ್ ತರಬೇತುದಾರ ರಮಾಕಾಂತ ಆಚ್ರೇಕರ್ 2019ರ ಜನವರಿ 2ರಂದು ತೀರಿಕೊಂಡಾಗ ಮಹಾರಾಷ್ಟ್ರ ಸರ್ಕಾರ ಸರ್ಕಾರಿ ಗೌರವ ಸಲ್ಲಿಸಲಿಲ್ಲ. ದ್ರೋಣಾಚಾರ್ಯ, ಪದ್ಮಶ್ರೀ ಎರಡನ್ನೂ ಪಡೆದಿದ್ದವರ ವಿಷಯದಲ್ಲಿ ಸಂವಹನದ ಕೊರತೆಯಾಯಿತೆಂದು ಆಮೇಲೆ ಸಬೂಬು ಬಂತು. ಅಂತ್ಯಯಾತ್ರೆಯಲ್ಲಿ ಹೆಗಲು ಕೊಟ್ಟವರಲ್ಲಿ ಶಿಷ್ಯ ಸಚಿನ್ ತೆಂಡೂಲ್ಕರ್ ಇದ್ದರು. ದಾದರಿನ ಶಿವಾಜಿ ಪಾರ್ಕಿನಲ್ಲಿ ಮೇಷ್ಟ್ರ ಸ್ಮಾರಕ ಅನಾವರಣಗೊಂಡದ್ದು 2024ರ ಡಿಸೆಂಬರ್‌ನಲ್ಲಿ. ತಡವಾಯಿತು, ಆದರೂ ಆಯಿತಲ್ಲ.

ಆಚ್ರೇಕರ್ ಹೆಸರಾಂತ ಆಟಗಾರರೇನಲ್ಲ. ಆಡಿದ ಪ್ರಥಮ ದರ್ಜೆ ಪಂದ್ಯ ಒಂದೇ ಒಂದು. ಸ್ಟೇಟ್ ಬ್ಯಾಂಕಿನ ನೌಕರಿ, ಉಳಿದ ಹೊತ್ತೆಲ್ಲ ಹುಡುಗರಿಗೆ ಮೀಸಲು. ಪುಟ್ಟ ಸಚಿನ್‌ನನ್ನು ಬಾಂದ್ರಾದ ಶಾಲೆ ಬಿಡಿಸಿ ದಾದರಿನ ಶಾರದಾಶ್ರಮಕ್ಕೆ ಸೇರಿಸುವಂತೆ ಮನೆಯವರಿಗೆ ಹೇಳಿದ್ದು ಇವರೇ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಒಂದು ಮೈದಾನದಿಂದ ಇನ್ನೊಂದಕ್ಕೆ ಪಂದ್ಯ ಆಡಿಸಲು ಒಯ್ಯುತ್ತಿದ್ದರು. ಸಂಜೆ ಹುಡುಗ ದಣಿದಾಗ ಸ್ಟಂಪಿನ ಮೇಲೆ ಒಂದು ರೂಪಾಯಿ ಇಡುವರು: ಔಟ್ ಮಾಡಿದ ಬೌಲರ್‌ಗೆ ಅದು, ಯಾರಿಗೂ ಆಗದಿದ್ದರೆ ಸಚಿನ್‌ಗೆ. ಅಂಥ 13 ನಾಣ್ಯಗಳನ್ನು ಸಚಿನ್ ಜೋಪಾನವಾಗಿಟ್ಟುಕೊಂಡಿದ್ದಾರೆ. ಬಾಯ್ತುಂಬ ಹೊಗಳುವುದು ಮಾತ್ರ ಮೇಷ್ಟ್ರ ಜಾಯಮಾನವಲ್ಲ. ವಿನೋದ್ ಕಾಂಬ್ಳಿ, ಪ್ರವೀಣ್ ಆಮ್ರೆ, ಅಜಿತ್ ಅಗರ್ಕರ್ ಕೂಡ ಇದೇ ಗರಡಿಯವರು.

ಇಂಥ ಮೇಷ್ಟ್ರ ಕೈಗೆ ಹುಡುಗರು ಸಿಗಬೇಕಾದರೆ ಶಾಲೆಯಲ್ಲಿ ಆಟಕ್ಕೆ ಹೊತ್ತು ಬೇಕು. ಆದರೆ ಇಂದು ಎಷ್ಟೋ ಶಾಲೆಗಳಲ್ಲಿ ಪಿ.ಟಿ. ಪೀರಿಯಡ್ ಎಂದರೆ ಗಣಿತದ ಬಾಕಿ ಪಾಠ ಮುಗಿಸುವ ಹೊತ್ತು. ಮುಂಬಯಿಯ ಶಾಲೆಗಳು, ನಮ್ಮ ಕನ್ನಡ ಶಾಲೆಗಳೂ ಸೇರಿ, ಆ ಪೀರಿಯಡ್ಡನ್ನು ಆಟದ ಮೇಷ್ಟ್ರಿಗೇ ಬಿಟ್ಟುಕೊಡಲಿ.