ಸಿಡಿದ ನಕ್ಷತ್ರದ ತಿರುಳು ಎಲ್ಲಿ?

1987ರ ಫೆಬ್ರವರಿ 24ರ ನಸುಕು. ಚಿಲಿ ದೇಶದ ಲಾಸ್ ಕಂಪಾನಾಸ್ ವೀಕ್ಷಣಾಲಯದಲ್ಲಿ ಇಯಾನ್ ಶೆಲ್ಟನ್ ಅವರಿಗೆ ಆಗಷ್ಟೇ ತೆಗೆದ ಛಾಯಾಚಿತ್ರದಲ್ಲಿ ಹೊಸದೊಂದು ದಪ್ಪ ಚುಕ್ಕೆ ಕಂಡಿತು. ಹೊರಗೆ ಬಂದು ತಲೆಯೆತ್ತಿದರೆ ಅದು ಬರಿಗಣ್ಣಿಗೇ ಕಾಣುತ್ತಿತ್ತು! ಆಕಾಶಗಂಗೆಯ ನೆರೆಯ ಪುಟ್ಟ ಗೆಲಾಕ್ಸಿಯಾದ ದೊಡ್ಡ ಮೆಗೆಲ್ಲಾನಿಕ್ ಮೇಘದಲ್ಲಿ, ಸೂರ್ಯನ ಸುಮಾರು 20 ಪಟ್ಟು ದ್ರವ್ಯರಾಶಿಯ ನಕ್ಷತ್ರವೊಂದು ಸಿಡಿದಿತ್ತು. ಸಿಡಿದದ್ದು ಅಂದೇ ಅಲ್ಲ. ಆ ಬೆಳಕು ಇಲ್ಲಿಗೆ ಬರಲು 1,60,000 ವರ್ಷಕ್ಕೂ ಹೆಚ್ಚು ಕಾಲ ಹಿಡಿದಿತ್ತು. ಈ ಸೂಪರ್‌ನೋವಾಕ್ಕೆ 1987ಎ ಎಂದು ಹೆಸರಾಯಿತು. ನಮ್ಮ ಕಡೆ ಅದು ದಕ್ಷಿಣ ದಿಗಂತದ ಅಂಚು ಬಿಟ್ಟು ಮೇಲೇರದು. ಆದರೂ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಿಂದ ಅದರ ರೋಹಿತವನ್ನು ದಾಖಲಿಸಿದರು.

ಬೆಳಕಿಗಿಂತ ಎರಡು ಮೂರು ಗಂಟೆ ಮೊದಲೇ ಬೇರೊಂದು ಸುದ್ದಿ ಭೂಮಿಗೆ ಬಂದಿತ್ತು. ಜಪಾನ್, ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನೆಲದಾಳದ ಪ್ರಯೋಗಾಲಯಗಳಲ್ಲಿ ಕೆಲವೇ ಸೆಕೆಂಡುಗಳೊಳಗೆ ಸುಮಾರು ಎರಡು ಡಜನ್ ನ್ಯೂಟ್ರಿನೊ ಕಣಗಳು ಸಿಕ್ಕಿಬಿದ್ದವು. ಎರಡೇ ಡಜನ್ ಎಂದು ಹಗುರವಾಗಿ ಕಾಣಬಾರದು. ನಕ್ಷತ್ರದ ತಿರುಳು ಕುಸಿದಾಗ ನ್ಯೂಟ್ರಿನೊಗಳು ಹೊಮ್ಮುತ್ತವೆ ಎಂಬ ಲೆಕ್ಕಾಚಾರಕ್ಕೆ ಮೊದಲ ನೇರ ಸಾಕ್ಷಿ ಅವೇ. ಜಪಾನಿನ ಪ್ರಯೋಗದ ಮುಂದಾಳು ಮಸಾತೋಷಿ ಕೋಶಿಬಾ ಅವರಿಗೆ 2002ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಕುಸಿದ ತಿರುಳು ನ್ಯೂಟ್ರಾನ್ ನಕ್ಷತ್ರವಾಗಿರಬೇಕು. ಅಂದರೆ ಬರೀ 20 ಕಿಲೋಮೀಟರ್ ಅಗಲದ ಗೋಲದಲ್ಲಿ ಸೂರ್ಯನಿಗಿಂತ ಹೆಚ್ಚು ದ್ರವ್ಯ! ಆದರೆ ವರ್ಷಗಟ್ಟಲೆ ಹುಡುಕಿದರೂ ಅದು ಕಾಣಲಿಲ್ಲ. ಕಪ್ಪುಕುಳಿಯಾಗಿ ಹೋಯಿತೇ ಎಂದೂ ಕೆಲವರು ಕೇಳಿದರು. ಇತ್ತ ಹಬಲ್ ದೂರದರ್ಶಕ ತೆಗೆದ ಚಿತ್ರಗಳಂತೂ ಸೊಗಸು: ಸಿಡಿಯುವುದಕ್ಕೆ ಸುಮಾರು 20,000 ವರ್ಷ ಮೊದಲು ನಕ್ಷತ್ರ ಉಗುಳಿದ್ದ ಅನಿಲದ ಉಂಗುರಕ್ಕೆ ಸ್ಫೋಟದ ಅಲೆ ಬಡಿದು, ಒಂದೊಂದೇ ಚುಕ್ಕೆ ಹೊತ್ತಿಕೊಂಡು ಮಣಿಸರದಂತಾಯಿತು. ನಡುವಿನ ತಿರುಳನ್ನು ಮಾತ್ರ ಸ್ಫೋಟದಲ್ಲೇ ಹುಟ್ಟಿದ ದಟ್ಟ ಧೂಳು ಮುಚ್ಚಿತ್ತು.

ಧೂಳನ್ನು ತೂರಿಬರುವುದರಲ್ಲಿ ಅವಕೆಂಪು ಕಿರಣಗಳು ಕಣ್ಣಿಗೆ ಕಾಣುವ ಬೆಳಕಿಗಿಂತ ಮೇಲು. ಅವನ್ನು ಹಿಡಿಯುವ ವೆಬ್ ದೂರದರ್ಶಕ 2022ರಲ್ಲಿ ಈ ಅವಶೇಷದತ್ತ ತಿರುಗಿತು. 2024ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟವಾಯಿತು: ಉಂಗುರದ ಒಳಗೆ, ನಟ್ಟನಡುವೆ, ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡ ಆರ್ಗಾನ್ ಮತ್ತು ಗಂಧಕದ ಪರಮಾಣುಗಳು ಹೊಳೆಯುತ್ತಿವೆ. ಆರ್ಗಾನ್ ಸುಲಭಕ್ಕೆ ಎಲೆಕ್ಟ್ರಾನ್ ಬಿಟ್ಟುಕೊಡುವ ಧಾತುವಲ್ಲ. ಅದರ ಕೆಲವು ಪರಮಾಣುಗಳಿಂದ ಐದೈದು ಎಲೆಕ್ಟ್ರಾನ್‌ಗಳು ಕಿತ್ತುಹೋಗಿವೆ ಎಂದರೆ ಪಕ್ಕದಲ್ಲೇ ಕ್ಷಕಿರಣಗಳಂಥ ಪ್ರಬಲ ವಿಕಿರಣ ಸೂಸುವ ವಸ್ತು ಇರಬೇಕು. ನ್ಯೂಟ್ರಾನ್ ನಕ್ಷತ್ರದ ಸುಡುವ ಮೇಲ್ಮೈಯಿಂದಲೇ ಆ ವಿಕಿರಣ ಬರುತ್ತಿದೆಯೋ, ಅದು ಗಿರಗಿರನೆ ತಿರುಗುತ್ತ ಎಸೆಯುವ ಕಣಗಳಿಂದಲೋ ಎಂಬುದು ಚರ್ಚೆಯ ವಿಷಯ. ನಕ್ಷತ್ರದ ನೇರ ಚಿತ್ರವಂತೂ ಸಿಕ್ಕಿಲ್ಲ. ಸಿಕ್ಕಿರುವುದು ಅದರ ಹೆಜ್ಜೆಗುರುತು.